ತೋಟ, ಸಂಬಳ, ಮಳಿಗೆ ಬಾಡಿಗೆ: ಒಂದೇ ಮನೆಯ ಆದಾಯ ತೆರಿಗೆ ಲೆಕ್ಕ ಹಾಕುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ಒಂದೇ ಬಗೆಯ ಆದಾಯ ಇರುವ ಮನೆ ಸಿಗುವುದು ಕಷ್ಟ. ಮಗ ಕಾಲೇಜಿನಲ್ಲಿ ಲೆಕ್ಚರರ್. ಅಪ್ಪನ ಹೆಸರಿನಲ್ಲಿ ಚನ್ನಗಿರಿ ಹತ್ತಿರ ಅಡಿಕೆ ತೋಟ. ಅಮ್ಮನ ಹೆಸರಿನಲ್ಲಿ ಎಫ್‌ಡಿ. ಪೇಟೆಯಲ್ಲಿ ಅಜ್ಜನ ಕಾಲದ ಒಂದು ಮಳಿಗೆ, ಅದರ ಬಾಡಿಗೆ ಯಾರು ಇಸ್ಕೊಳ್ಳುತ್ತಾರೋ ಅವರ ಜೇಬಿಗೆ. ಮನೆ ನಡೆಸುವವರಿಗೆ ಇದೆಲ್ಲ ಒಂದೇ ದುಡ್ಡು. ಆದಾಯ ತೆರಿಗೆ ಇಲಾಖೆಗೆ ಮಾತ್ರ ಅದು ಬೇರೆ ಬೇರೆ ಜನರ, ಬೇರೆ ಬೇರೆ ಬಗೆಯ ದುಡ್ಡು.

ತೆರಿಗೆ ಉಳಿಸುವುದು ಅಂದರೆ ಮಾರ್ಚ್ ತಿಂಗಳಲ್ಲಿ ಓಡಿಹೋಗಿ ಒಂದು ಪಾಲಿಸಿ ಮಾಡಿಸುವುದು ಅಂತ ತುಂಬಾ ಜನ ಈಗಲೂ ನಂಬಿದ್ದಾರೆ. ಈಗಿನ ನಿಯಮದಲ್ಲಿ ಅಂಥ ಪಾಲಿಸಿಯಿಂದ ಹೆಚ್ಚಿನವರಿಗೆ ಒಂದು ರೂಪಾಯಿ ತೆರಿಗೆಯೂ ಕಡಿಮೆಯಾಗುವುದಿಲ್ಲ. ಯಾವ ಆದಾಯ ಯಾರದ್ದು, ಅದು ಎಂಥ ಆದಾಯ ಅಂತ ಬಿಡಿಸಿಕೊಂಡರೆ ಉಳಿಯುತ್ತದೆ. ಈ ಲೇಖನದಲ್ಲಿ ಆ ಕೆಲಸವನ್ನೇ ಒಂದೊಂದು ಹೆಜ್ಜೆಯಾಗಿ ಮಾಡೋಣ.

ಇಲ್ಲಿನ ಅಂಕಿಗಳೆಲ್ಲ 2025-26ನೇ ಹಣಕಾಸು ವರ್ಷದ್ದು. ಅಂದರೆ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಹಾಗಾಗಿ ನಂಬರುಗಳ ಗೋಜಿಗೆ ಜಾಸ್ತಿ ಹೋಗುವುದಿಲ್ಲ.

ಹೆಜ್ಜೆ 1: ಒಂದು ಹಾಳೆ ತೆಗೆದುಕೊಳ್ಳಿ

ಮೇಲುಗಡೆ ಮನೆಯವರ ಹೆಸರು ಬರೆಯಿರಿ: ಅಪ್ಪ, ಅಮ್ಮ, ನೀವು, ನಿಮ್ಮ ಹೆಂಡತಿ ಅಥವಾ ಗಂಡ, ಮಕ್ಕಳು. ಎಡಗಡೆ ಆದಾಯದ ಬಗೆ: ಸಂಬಳ ಅಥವಾ ಪಿಂಚಣಿ, ಬಾಡಿಗೆ, ವ್ಯಾಪಾರ, ಬಡ್ಡಿ, ಕೃಷಿ, ಜಮೀನು ಅಥವಾ ಶೇರು ಮಾರಿದ ಲಾಭ. ಪ್ರತಿ ಆದಾಯವನ್ನೂ ಅದು ನಿಜವಾಗಿ ಸೇರಬೇಕಾದವರ ಹೆಸರಿನ ಕೆಳಗೆ ತುಂಬಿ.

ಇದನ್ನು ಮಾಡುವಾಗಲೇ ಅರ್ಧ ಸಮಸ್ಯೆ ಹೊರಗೆ ಬರುತ್ತದೆ. ಮಳಿಗೆ ಅಪ್ಪ ಮತ್ತು ಚಿಕ್ಕಪ್ಪನ ಜಂಟಿ ಹೆಸರಿನಲ್ಲಿದೆ, ಬಾಡಿಗೆ ಮಾತ್ರ ನಿಮ್ಮ ಖಾತೆಗೆ ಯುಪಿಐನಲ್ಲಿ ಬೀಳುತ್ತಿದೆ. ತೋಟದ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಅಡಿಕೆ ಮಾರಿದ ದುಡ್ಡು ದೊಡ್ಡಣ್ಣನ ಒಬ್ಬನ ಖಾತೆಗೆ ಹೋಗುತ್ತಿದೆ. ಬಾಡಿಗೆಯ ಮೇಲಿನ ತೆರಿಗೆ ಮಾಲೀಕನದ್ದು, ಖಾತೆ ಯಾರದ್ದಾದರೂ ಸರಿ. ಇಬ್ಬರು ಮಾಲೀಕರಿದ್ದು ಪಾಲು ಗೊತ್ತಿದ್ದರೆ ಬಾಡಿಗೆಯನ್ನೂ ಪಾಲಿನಂತೆ ಇಬ್ಬರೂ ತೋರಿಸಬಹುದು. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೇ ಒಬ್ಬರ ತಲೆ ಮೇಲಿನ ತೆರಿಗೆ ಇಳಿಯುತ್ತದೆ.

ಪೌತಿ ಖಾತೆ ಕೆಲಸವನ್ನು ತೆರಿಗೆಗೋಸ್ಕರ ಅಂತಲ್ಲದಿದ್ದರೂ ಮುಗಿಸಿಕೊಳ್ಳಿ. ಲಕ್ಷಗಟ್ಟಲೆ ಕೃಷಿ ಆದಾಯ ತೋರಿಸಿದಾಗ ಇಲಾಖೆ ಮೊದಲು ಕೇಳುವುದು ಜಮೀನು ಯಾರದ್ದು ಅಂತ.

ಹೆಜ್ಜೆ 2: ತೋಟದ ದುಡ್ಡು

"ಕೃಷಿ ಆದಾಯಕ್ಕೆ ತೆರಿಗೆ ಇಲ್ಲ" ಅನ್ನುವ ಮಾತು ಸರಿ. ಅದರ ಹಿಂದೆ ಬರುವ ಎರಡು ವಿಷಯ ಯಾರೂ ಹೇಳುವುದಿಲ್ಲ.

ಮೊದಲನೆಯದು, ಜಮೀನಿಗೆ ಸಂಬಂಧಿಸಿದ ದುಡ್ಡೆಲ್ಲ ಕೃಷಿ ಆದಾಯ ಆಗುವುದಿಲ್ಲ. ನಿಮ್ಮದೇ ತೋಟದ ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ರಾಶಿ ಅಡಿಕೆಯಾಗಿ ಮಾರಿದರೆ ಅದು ಕೃಷಿಯೇ. ಮಾರುಕಟ್ಟೆಗೆ ಒಯ್ಯಲು ರೈತ ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯನ್ನು ಕಾನೂನು ಒಪ್ಪುತ್ತದೆ. ಜಮೀನನ್ನು ಕೋರಿಗೋ ಗುತ್ತಿಗೆಗೋ ಕೊಟ್ಟು, ಅಲ್ಲಿ ಬೇಸಾಯ ನಡೆಯುತ್ತಿದ್ದರೆ ನಿಮಗೆ ಬರುವ ಪಾಲೂ ಕೃಷಿ ಆದಾಯ. ನರ್ಸರಿಯಲ್ಲಿ ಅಡಿಕೆ ಸಸಿ ಬೆಳೆಸಿ ಮಾರಿದರೂ ಸರಿ.

ಆದರೆ ಬೇರೆಯವರ ತೋಟದ ಫಸಲನ್ನು ಖೇಣಿ ಹಿಡಿದು (ಕೊಯ್ಲಿಗೆ ಮೊದಲೇ ಗುತ್ತಿಗೆಗೆ ಕೊಂಡು) ಲಾಭ ಮಾಡಿದರೆ ಅದು ವ್ಯಾಪಾರ. ಬೇರೆಯವರಿಂದ ಮೆಕ್ಕೆಜೋಳ ಖರೀದಿಸಿ, ಬೆಲೆ ಬಂದಾಗ ಮಾರಿದರೆ ಅದೂ ವ್ಯಾಪಾರ. ಹಾಲು, ಕೋಳಿ ಕೃಷಿ ಆದಾಯದಲ್ಲಿ ಬರುವುದಿಲ್ಲ. ಚಿತ್ರದುರ್ಗದ ಕಡೆಯವರು ಗಮನಿಸಬೇಕಾದದ್ದು ಗಾಳಿಯಂತ್ರದ ಬಾಡಿಗೆ. ಗುಡ್ಡದ ಮೇಲಿನ ನಿಮ್ಮ ಜಮೀನನ್ನು ಗಾಳಿಯಂತ್ರಕ್ಕೋ ಸೋಲಾರ್‌ಗೋ ಮೊಬೈಲ್ ಟವರ್‌ಗೋ ಕೊಟ್ಟಿದ್ದರೆ ಆ ದುಡ್ಡು ಕೃಷಿ ಆದಾಯ ಅಲ್ಲ. ಪಹಣಿಯಲ್ಲಿ "ಖುಷ್ಕಿ" (ಮಳೆ ಆಶ್ರಿತ ಬೇಸಾಯದ ಜಮೀನು) ಅಂತ ಇದ್ದರೂ ಅಲ್ಲ. ಮನೆ ಬಾಡಿಗೆಗೆ ಸಿಗುವ ಶೇ. 30ರ ಕಡಿತವೂ ಬರೀ ಜಮೀನಿನ ಬಾಡಿಗೆಗೆ ಸಿಗುವುದಿಲ್ಲ. ತಿಂಗಳಿಗೆ 50,000 ದಾಟಿದರೆ ಕಂಪನಿಯವರು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ದಾಟದಿದ್ದರೆ ಹಿಡಿಯುವುದಿಲ್ಲ, ಅಷ್ಟೇ. ಹಿಡಿದಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ.

ಎರಡನೆಯದು ಇನ್ನೂ ಮುಖ್ಯ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ ಅದು ನಿಮ್ಮ ಸಂಬಳದ ತೆರಿಗೆಯನ್ನು ಮೇಲಕ್ಕೆ ಎತ್ತುತ್ತದೆ. ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿ ದಾಟಿದ್ದು, ಉಳಿದ ಆದಾಯ ಮೂಲ ವಿನಾಯಿತಿ ಮಿತಿಯನ್ನೂ (ಅಷ್ಟರವರೆಗೆ ತೆರಿಗೆಯೇ ಇಲ್ಲ; ಹೊಸ ಪದ್ಧತಿಯಲ್ಲಿ 4 ಲಕ್ಷ, ಅದರ ದರಗಳು ಹೆಜ್ಜೆ 5ರಲ್ಲಿವೆ) ದಾಟಿದ್ದರೆ ಹೀಗೆ ಲೆಕ್ಕ ಹಾಕಬೇಕು:

ಎರಡೂ ಆದಾಯ ಕೂಡಿಸಿ ಅದರ ಮೇಲೆ ತೆರಿಗೆ ಲೆಕ್ಕ ಹಾಕಿ. ನಂತರ ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿ, ಆ ಮೊತ್ತದ ಮೇಲೆ ತೆರಿಗೆ ಹಾಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿದದ್ದು ನಿಮ್ಮ ತೆರಿಗೆ.

ಒಂದು ಉದಾಹರಣೆ ನೋಡಿ. ಲೆಕ್ಚರರ್ ಸಂಬಳ ವರ್ಷಕ್ಕೆ 9,75,000. ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 9 ಲಕ್ಷ. ಅವರ ಹೆಸರಿನ ತೋಟದಿಂದ ಖರ್ಚು ಕಳೆದು 6 ಲಕ್ಷ. ಒಟ್ಟು 15 ಲಕ್ಷದ ಮೇಲೆ ಹೊಸ ಪದ್ಧತಿಯಲ್ಲಿ ತೆರಿಗೆ 1,05,000. ಕೃಷಿ 6 ಲಕ್ಷಕ್ಕೆ 4 ಲಕ್ಷ ಸೇರಿಸಿದ 10 ಲಕ್ಷದ ಮೇಲೆ 40,000. ಕಳೆದರೆ 65,000. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದ ಒಳಗೇ ಇರುವುದರಿಂದ 60,000ದವರೆಗೆ ರಿಬೇಟ್ (ತೆರಿಗೆಯಲ್ಲೇ ಬಿಡುವ ರಿಯಾಯಿತಿ) ಸಿಗುತ್ತದೆ. ಉಳಿದ 5,000ಕ್ಕೆ ಶೇ. 4ರ ಸೆಸ್ ಸೇರಿ 5,200 ಕಟ್ಟಬೇಕು.

"12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ದರಲ್ಲ" ಅಂತ ಕೇಳುವವರು ಇಂಥವರೇ. ಟಿವಿಯಲ್ಲಿ ಹೇಳಿದ್ದು ಬರೀ ಸಂಬಳ ಇದ್ದವರ ಲೆಕ್ಕ. ಕೃಷಿ ಆದಾಯ ಮುಚ್ಚಿಟ್ಟರೆ ಈ 5,200 ಉಳಿಯುತ್ತದೆ ಅನ್ನಿಸಬಹುದು. ಆದರೆ ನಾಳೆ ಆ 6 ಲಕ್ಷ ಬ್ಯಾಂಕಿನಲ್ಲಿ ಕಾಣಿಸಿ, ಎಲ್ಲಿಂದ ಬಂತು ಅಂತ ಕೇಳಿದರೆ ಹೇಳುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮೂಲ ತೋರಿಸದ 2025-26ರ ದುಡ್ಡಿಗೆ ಬೀಳುವ ತೆರಿಗೆ ಶೇ. 60, ಮೇಲೆ ಸರ್ಚಾರ್ಜ್, ಸೆಸ್ ಬೇರೆ. ಕೃಷಿ ಆದಾಯವನ್ನು ಪ್ರತಿ ವರ್ಷ ತೋರಿಸುತ್ತಾ ಬನ್ನಿ. ಮುಂದೆ ಸೈಟ್ ಕೊಳ್ಳುವಾಗ, ಮನೆ ಕಟ್ಟುವಾಗ ಅದೇ ನಿಮ್ಮ ದುಡ್ಡಿನ ಮೂಲಕ್ಕೆ ಸಾಕ್ಷಿ.

ಖರ್ಚು ಕಳೆಯುವುದನ್ನು ಮರೆಯಬೇಡಿ. ಗೊಬ್ಬರ, ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಬೋರ್ ರಿಪೇರಿ, ಬೆಳೆ ಸಾಲದ ಬಡ್ಡಿ ಎಲ್ಲ ಕಳೆಯಬಹುದು. ಒಂದು ನೋಟ್‌ಬುಕ್ ಸಾಕು, ಆದರೆ ಆಗಿಂದಾಗಲೇ ಬರೆದಿಡಬೇಕು. ಮಂಡಿಯವರು ಅಥವಾ ಸೊಸೈಟಿಯವರು ಕೊಡುವ ಲೆಕ್ಕದ ಚೀಟಿಗಳನ್ನು ಒಂದು ಫೈಲಿಗೆ ಹಾಕಿ. ಪಹಣಿಯ ಬೆಳೆ ಕಾಲಂ ಕೂಡ ಒಮ್ಮೆ ನೋಡಿ. ಪಹಣಿಯಲ್ಲಿ ಮೆಕ್ಕೆಜೋಳ ಇದ್ದು, ರಿಟರ್ನ್‌ನಲ್ಲಿ (ವರ್ಷದ ಆದಾಯದ ಲೆಕ್ಕ ಇಲಾಖೆಗೆ ಕೊಡುವ ಫಾರ್ಮ್) ಅಡಿಕೆ ಆದಾಯ ತೋರಿಸಿದರೆ ಉತ್ತರ ಹೇಳಬೇಕಾಗುತ್ತದೆ. ಕೃಷಿ ಆದಾಯ 5 ಲಕ್ಷ ದಾಟಿದವರು ಜಮೀನು ಎಲ್ಲಿದೆ, ಎಷ್ಟಿದೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆ ಆಶ್ರಿತವೋ ಅಂತ ರಿಟರ್ನ್‌ನಲ್ಲೇ ತುಂಬಬೇಕು.

ಇನ್ನೊಂದು ವಿಷಯ ಅಡಿಕೆ ಬೆಳೆಗಾರರು ಬಾಯಿಪಾಠ ಮಾಡಿಕೊಳ್ಳಬೇಕು. ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ದುಡ್ಡು ಕೊಟ್ಟ ವ್ಯಾಪಾರಿಗಲ್ಲ, ಇಸ್ಕೊಂಡ ರೈತನಿಗೆ. ಖಾತೆಗೇ ಹಾಕಿ ಅನ್ನಿ.

ಹೆಜ್ಜೆ 3: ಜಮೀನು ಮಾರಿದ್ದರೆ, ಸ್ವಾಧೀನಕ್ಕೆ ಹೋಗಿದ್ದರೆ

ಹಳ್ಳಿಯ ಕೃಷಿ ಜಮೀನು ಮಾರಿದರೆ ಲಾಭಕ್ಕೆ ತೆರಿಗೆ ಇಲ್ಲ. ಯಾವುದು ಹಳ್ಳಿ ಅನ್ನುವುದನ್ನು ಕಾನೂನು ಅಳತೆ ಹಾಕಿ ಹೇಳುತ್ತದೆ. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿನ ಊರಾದರೆ ಪುರಸಭೆ ಅಥವಾ ನಗರಸಭೆ ಗಡಿಯಿಂದ 2 ಕಿ.ಮೀ., 1ರಿಂದ 10 ಲಕ್ಷದವರೆಗಿನ ಊರಾದರೆ 6 ಕಿ.ಮೀ. ಆಚೆ ಇರಬೇಕು. ರಸ್ತೆ ಅಳತೆ ಅಲ್ಲ, ನೇರ ಗೆರೆಯ ಅಳತೆ. 2011ರ ಜನಗಣತಿಯಲ್ಲಿ ದಾವಣಗೆರೆ ನಗರ 4 ಲಕ್ಷ ದಾಟಿತ್ತು, ಚಿತ್ರದುರ್ಗ 1 ಲಕ್ಷ ದಾಟಿತ್ತು. ಎರಡಕ್ಕೂ 6 ಕಿ.ಮೀ. ಲೆಕ್ಕ. ಹರಿಹರ 1 ಲಕ್ಷದ ಒಳಗಿತ್ತು, ಅಲ್ಲಿಗೆ 2 ಕಿ.ಮೀ. ಬೈಪಾಸ್ ಪಕ್ಕದ ಹೊಲ ಮಾರುವ ಮೊದಲು ತಹಶೀಲ್ದಾರರ ಕಚೇರಿಯಿಂದ ದೂರದ ದೃಢೀಕರಣ ಪತ್ರ ತೆಗೆದುಕೊಂಡರೆ ನೆಮ್ಮದಿ.

ಗಡಿಯ ಒಳಗಿದ್ದರೆ ತೆರಿಗೆ ಬರುತ್ತದೆ. ಎರಡು ವರ್ಷ ಮೇಲ್ಪಟ್ಟು ಇಟ್ಟುಕೊಂಡಿದ್ದ ಜಮೀನಾದರೆ ಲಾಭದ ಶೇ. 12.5. 2024ರ ಜುಲೈ 23ಕ್ಕೆ ಮೊದಲು ಪಡೆದ ಆಸ್ತಿಯಾದರೆ ಹಣದುಬ್ಬರ ಹೊಂದಿಸಿ ಶೇ. 20 ಕಟ್ಟುವ ದಾರಿಯೂ ಇದೆ. ಯಾವುದು ಕಡಿಮೆಯೋ ಅದು. ಅಜ್ಜನ ಕಾಲದ ಆಸ್ತಿಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆ ಅಂತ ಇಟ್ಟುಕೊಳ್ಳಬಹುದು, ಆದರೆ ಅದು ಆಗಿನ ನೋಂದಣಿ ಬೆಲೆಯನ್ನು ಮೀರುವಂತಿಲ್ಲ. ಎರಡು ವರ್ಷದಿಂದ ಉಳುಮೆ ಮಾಡುತ್ತಿದ್ದ ಜಮೀನು ಮಾರಿ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ಅಷ್ಟು ಮಟ್ಟಿಗೆ ತೆರಿಗೆ ತಪ್ಪುತ್ತದೆ. ದೊಡ್ಡ ಮೊತ್ತದ ವಿಷಯ ಇದು. ಇಲ್ಲಿ ಆಡಿಟರ್ ಫೀಸು ಉಳಿಸುವುದಕ್ಕೆ ಹೋಗಬೇಡಿ.

ತುಮಕೂರು–ದಾವಣಗೆರೆ ರೈಲು ಮಾರ್ಗಕ್ಕೆ, ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಕೊಟ್ಟ ಕುಟುಂಬಗಳು ಈ ಭಾಗದಲ್ಲಿ ಬಹಳ. 2013ರ ಭೂಸ್ವಾಧೀನ ಕಾಯ್ದೆಯಡಿ ಅವಾರ್ಡ್ ಆಗಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಹಾಗಿದ್ದೂ ಅದನ್ನು ರಿಟರ್ನ್‌ನಲ್ಲಿ ವಿನಾಯಿತಿ ಆದಾಯದ ಕಾಲಂನಲ್ಲಿ ತೋರಿಸಿ. ಪರಿಹಾರ ತಡವಾಗಿದ್ದಕ್ಕೆ ಕೊಟ್ಟ ಬಡ್ಡಿಯ ಲೆಕ್ಕ ಬೇರೆ: ಅದರ ಅರ್ಧಕ್ಕೆ ಕಡಿತ ಸಿಗುತ್ತದೆ, ಉಳಿದರ್ಧ ನಿಮ್ಮ ಆದಾಯಕ್ಕೆ ಸೇರುತ್ತದೆ. ಬೇರೆ ಕಾಯ್ದೆಯಡಿ ಸ್ವಾಧೀನ ಆಗಿದ್ದರೆ ಆದೇಶದ ಪ್ರತಿ ಹಿಡಿದು ಆಡಿಟರ್ ಹತ್ತಿರ ಹೋಗಿ.

ಹೆಜ್ಜೆ 4: ಮನೆಯೊಳಗಿನ ಕೊಡು-ಕೊಳ್ಳುವಿಕೆ

ಜಾಸ್ತಿ ತಪ್ಪು ನಡೆಯುವುದು ಇಲ್ಲಿ. ಗಂಡ ತನ್ನ ಸಂಬಳದಲ್ಲಿ ಉಳಿಸಿದ 10 ಲಕ್ಷವನ್ನು ಹೆಂಡತಿ ಹೆಸರಿನಲ್ಲಿ ಎಫ್‌ಡಿ ಇಡುತ್ತಾನೆ. "ಅವಳಿಗೆ ಬೇರೆ ಆದಾಯ ಇಲ್ಲ, ಬಡ್ಡಿಗೆ ತೆರಿಗೆ ಬರಲ್ಲ" ಅನ್ನುವ ಲೆಕ್ಕ. ಕಾನೂನಿನಲ್ಲಿ ಆ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಮಾವ ಸೊಸೆ ಹೆಸರಿಗೆ ದುಡ್ಡು ಕೊಟ್ಟು ಇಡಿಸಿದರೆ ಬಡ್ಡಿ ಮಾವನ ಲೆಕ್ಕಕ್ಕೆ. 18 ತುಂಬದ ಮಕ್ಕಳ ಹೆಸರಿನ ಎಫ್‌ಡಿ ಬಡ್ಡಿ, ಅಪ್ಪ-ಅಮ್ಮರಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ.

ಹೆಂಡತಿಗೆ ತವರಿನವರು ಕೊಟ್ಟದ್ದು, ಅವಳೇ ಟೈಲರಿಂಗ್ ಮಾಡಿಯೋ ಟ್ಯೂಷನ್ ಹೇಳಿಯೋ ದುಡಿದದ್ದು ಅವಳದ್ದೇ. ಅದರ ಬಡ್ಡಿಯೂ ಅವಳದ್ದೇ. ಹಾಗಾಗಿ ಮನೆ ಖರ್ಚಿಗೆ ಗಂಡನ ಸಂಬಳ ಬಳಸಿ, ಹೆಂಡತಿಯ ದುಡಿಮೆಯನ್ನು ಉಳಿತಾಯಕ್ಕೆ ಹಾಕಿ. ಪ್ರತಿಯೊಂದಕ್ಕೂ ಅವಳ ಖಾತೆಯಲ್ಲೇ ದಾಖಲೆ ಇರಲಿ. ಕಾನೂನು ಮುರಿಯದೆ ತೆರಿಗೆ ಇಳಿಸುವ ಸುಲಭದ ದಾರಿ ಇದು.

ಅಪ್ಪ-ಅಮ್ಮನಿಗೆ ಕೊಡುವ ದುಡ್ಡಿಗೆ ಈ ಕೂಡಿಸುವ ನಿಯಮ ಇಲ್ಲ. ಬೆಂಗಳೂರಿನಲ್ಲಿ 18 ಲಕ್ಷ ಸಂಬಳದ ಮಗ 10 ಲಕ್ಷವನ್ನು ತನ್ನ ಹೆಸರಿನಲ್ಲಿ ಶೇ. 7ಕ್ಕೆ ಇಟ್ಟರೆ ವರ್ಷದ 70,000 ಬಡ್ಡಿಗೆ ಸೆಸ್ ಸೇರಿ 14,560 ತೆರಿಗೆ. ಅದೇ ದುಡ್ಡನ್ನು ಬೇರೆ ಆದಾಯ ಇಲ್ಲದ ಅಪ್ಪನಿಗೆ ಗಿಫ್ಟ್ ಕೊಟ್ಟು, ಅಪ್ಪ ತಮ್ಮ ಹೆಸರಿನಲ್ಲಿ ಇಟ್ಟರೆ ಸೊನ್ನೆ. ಹತ್ತಿರದ ಸಂಬಂಧಿಕರ ನಡುವಿನ ಗಿಫ್ಟ್‌ಗೆ ತೆರಿಗೆ ಇಲ್ಲ, ಮಿತಿಯೂ ಇಲ್ಲ. ಬ್ಯಾಂಕ್ ಮೂಲಕವೇ ಕೊಡಿ, ಒಂದು ಸರಳ ಗಿಫ್ಟ್ ಪತ್ರ ಬರೆದಿಡಿ.

ಆದರೆ ಕೊಟ್ಟ ಮೇಲೆ ಅದು ಅಪ್ಪನ ದುಡ್ಡು. ನೀವು ನಾಮಿನಿ ಆದ ಮಾತ್ರಕ್ಕೆ ಮಾಲೀಕ ಆಗುವುದಿಲ್ಲ. ಅಪ್ಪನ ನಂತರ ಅದರಲ್ಲಿ ಅಮ್ಮ, ಅಣ್ಣ, ತಂಗಿ ಎಲ್ಲರಿಗೂ ಪಾಲಿದೆ. ಹದಿನಾಲ್ಕು ಸಾವಿರ ತೆರಿಗೆ ಉಳಿಸಲು ಹೋಗಿ ಅಣ್ಣ-ತಮ್ಮಂದಿರು ಮಾತು ಬಿಡುವುದಾದರೆ ತೆರಿಗೆಯನ್ನೇ ಕಟ್ಟಿ, ವಾಸಿ.

ಹಿರಿಯರ ಎಫ್‌ಡಿ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷ ದಾಟಿದರೆ (60 ತುಂಬದವರಿಗೆ 50,000) ಬ್ಯಾಂಕ್ ಶೇ. 10 ಟಿಡಿಎಸ್ ಹಿಡಿಯುತ್ತದೆ. ಒಟ್ಟು ತೆರಿಗೆ ಸೊನ್ನೆ ಆಗುವ ಹಿರಿಯರು ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಹೋಗಿ, ಟಿಡಿಎಸ್ ಹಿಡಿಯಬೇಡಿ ಅನ್ನುವ ಘೋಷಣೆ ಕೊಟ್ಟುಬಿಡಲಿ. ನಾವು 15ಎಚ್ ಅಂತ ಕರೆಯುತ್ತಿದ್ದ ಫಾರ್ಮ್ ಅದು.

ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಬೇರೆ ಪ್ಯಾನ್ ಮಾಡಿಸುವುದು ಇಲ್ಲಿನ ವ್ಯಾಪಾರಿ ಮನೆಗಳಲ್ಲಿ ಹಳೆಯ ರೂಢಿ. ಪಿತ್ರಾರ್ಜಿತ ಮಳಿಗೆಯಿಂದ ಒಳ್ಳೆಯ ಬಾಡಿಗೆ ಬರುತ್ತಿದ್ದರೆ ಈಗಲೂ ಉಪಯೋಗ ಇದೆ, 4 ಲಕ್ಷದ ಮೂಲ ವಿನಾಯಿತಿ ಅದಕ್ಕೂ ಸಿಗುತ್ತದೆ. ಆದರೆ 12 ಲಕ್ಷದವರೆಗಿನ ರಿಬೇಟ್ ಅದಕ್ಕಿಲ್ಲ. ನಿಮ್ಮ ಸ್ವಂತ ದುಡ್ಡನ್ನು ಅದರೊಳಗೆ ಹಾಕಿದರೆ ಆದಾಯ ತಿರುಗಿ ನಿಮ್ಮ ತಲೆಗೇ ಬರುತ್ತದೆ.

ಹೆಜ್ಜೆ 5: ಹಳೇ ಪದ್ಧತಿಯೋ ಹೊಸದೋ

ಹೊಸ ಪದ್ಧತಿಯ ದರ ಹೀಗಿದೆ: 4 ಲಕ್ಷದವರೆಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲೆ ಶೇ. 30. ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್‌ನಿಂದ ತೆರಿಗೆ ಸೊನ್ನೆ. ಸಂಬಳದಾರರಿಗೆ, ಪಿಂಚಣಿದಾರರಿಗೆ 75,000 ಸೇರಿ 12.75 ಲಕ್ಷದವರೆಗೆ. 12 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಆದರೆ ಗಾಬರಿ ಬೇಡ. 12,10,000 ಆದಾಯಕ್ಕೆ ತೆರಿಗೆ 61,500 ಆಗುವುದಿಲ್ಲ, ಮೇಲಿನ 10,000 ಮತ್ತು ಅದರ ಸೆಸ್ ಅಷ್ಟೇ.

ಶೇರು, ಜಮೀನು, ಸೈಟ್ ಮಾರಿದ ಲಾಭಕ್ಕೆ ವಿಶೇಷ ದರ ಇದೆ. ಈ ರಿಬೇಟ್ ಅದಕ್ಕೆ ತಾಗುವುದಿಲ್ಲ. ಅಷ್ಟೇ ಅಲ್ಲ, ಆ ಲಾಭ ಸೇರಿ ಒಟ್ಟು 12 ಲಕ್ಷ ದಾಟಿದರೆ ಸಂಬಳಕ್ಕೆ ಸಿಗಬೇಕಾದ ರಿಬೇಟ್ ಕೂಡ ಹೋಗುತ್ತದೆ. ಸೈಟ್ ಮಾರುವ ವರ್ಷ ಇದನ್ನು ನೆನಪಿಡಿ.

ಹಳೇ ಪದ್ಧತಿಯಲ್ಲಿ 80ಸಿ ಅಡಿ (ಪಿಎಫ್, ಎಲ್‌ಐಸಿಯಂಥ ಉಳಿತಾಯಕ್ಕೆ) 1.5 ಲಕ್ಷ, ಎನ್‌ಪಿಎಸ್‌ ಪಿಂಚಣಿ ಯೋಜನೆಗೆ ಹೆಚ್ಚುವರಿ 50,000, ಸ್ವಂತ ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ, ಮನೆ ಬಾಡಿಗೆ ಭತ್ಯೆ ಎಲ್ಲ ಸಿಗುತ್ತದೆ. ಆದರೆ 5 ಲಕ್ಷ ದಾಟಿದ ಕೂಡಲೇ ಶೇ. 20, 10 ಲಕ್ಷ ದಾಟಿದರೆ ಶೇ. 30. 15 ಲಕ್ಷ ಸಂಬಳದವರನ್ನು ತೆಗೆದುಕೊಳ್ಳಿ. 75,000 ಕಳೆದು, ಸೆಸ್ ಸೇರಿಸಿದರೆ ಹೊಸ ಪದ್ಧತಿಯಲ್ಲಿ ತೆರಿಗೆ 97,500. ಹಳೆಯದರಲ್ಲಿ 80ಸಿ ಪೂರ್ತಿ, ಎನ್‌ಪಿಎಸ್, ಮನೆ ಸಾಲದ 2 ಲಕ್ಷ, ವಿಮೆಯ 25,000 ಎಲ್ಲ ತೋರಿಸಿದರೂ 1,24,800. ಅಂದರೆ ಇಷ್ಟೆಲ್ಲ ಹೂಡಿಕೆ ಮಾಡಿಯೂ 27,300 ಜಾಸ್ತಿ.

ಹಳೆಯದು ಗೆಲ್ಲಬೇಕಾದರೆ ದೊಡ್ಡ ಮನೆ ಬಾಡಿಗೆ ಭತ್ಯೆಯೂ ಜೊತೆಗಿರಬೇಕು. ಬೆಂಗಳೂರಿನ ಬಾಡಿಗೆ ಕಟ್ಟುವವರಿಗೆ ಅದು ಆಗಬಹುದು. ದಾವಣಗೆರೆ, ಚಿತ್ರದುರ್ಗದ ಬಾಡಿಗೆಯಲ್ಲಿ ಅಪರೂಪ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕೆಲಸ ಮಾಡುವ ಹೆಚ್ಚಿನವರು ಹೊಸದನ್ನೇ ಹಿಡಿಯುವುದು ಒಳ್ಳೆಯದು. ಹಾಗಂತ ಆರೋಗ್ಯ ವಿಮೆ ಬಿಡಬೇಡಿ. ಅದನ್ನು ಮಾಡಿಸುವುದು ಆಸ್ಪತ್ರೆ ಬಿಲ್ಲಿಗೆ, ತೆರಿಗೆಗಲ್ಲ. ಪಿಪಿಎಫ್, ಸುಕನ್ಯಾ ಸಮೃದ್ಧಿಯ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ, ಅವೂ ಮುಂದುವರಿಯಲಿ.

ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಆಫೀಸಿನಲ್ಲಿ ಹೇಳಿದ್ದೇ ಕೊನೆ ಅಲ್ಲ, ರಿಟರ್ನ್ ತುಂಬುವಾಗ ಆಯ್ಕೆ ಮಾಡಬಹುದು. ಆದರೆ ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದ ಒಳಗೇ ಸಲ್ಲಿಸಬೇಕು. ವ್ಯಾಪಾರದ ಆದಾಯ ಇದ್ದವರಿಗೆ ಈ ಸಲೀಸು ಇಲ್ಲ.

ಹೆಜ್ಜೆ 6: ಅಂಗಡಿ, ಹೋಟೆಲ್, ಲಾರಿ

ಬೆಣ್ಣೆ ದೋಸೆ ಹೋಟೆಲ್, ಮಂಡಕ್ಕಿ ಅಂಗಡಿ, ಕಿರಾಣಿ ಇಟ್ಟವರು ಪೂರ್ತಿ ಲೆಕ್ಕಪುಸ್ತಕ ಇಡದೆ ಅಂದಾಜು ಲಾಭ ತೋರಿಸುವ ದಾರಿ ಇದೆ. ವರ್ಷದ ವಹಿವಾಟು 2 ಕೋಟಿಯೊಳಗಿರಬೇಕು. ನಗದು ಶೇ. 5 ಮೀರದಿದ್ದರೆ 3 ಕೋಟಿಯವರೆಗೂ ಆಗುತ್ತದೆ. ನಗದಿನಲ್ಲಿ ಬಂದದ್ದಕ್ಕೆ ಕನಿಷ್ಠ ಶೇ. 8, ಬ್ಯಾಂಕ್ ಅಥವಾ ಯುಪಿಐನಲ್ಲಿ ಬಂದದ್ದಕ್ಕೆ ಶೇ. 6 ಲಾಭ ಅಂತ ತೋರಿಸಬೇಕು. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಹೆದರಿ ಎಷ್ಟೋ ಜನ ಸ್ಕ್ಯಾನರ್ ತೆಗೆದುಹಾಕಿದರು. ಅದು ಜಿಎಸ್‌ಟಿ ವಿಷಯ. ಆದಾಯ ತೆರಿಗೆಯಲ್ಲಿ ಯುಪಿಐನಿಂದ ನಿಮಗೆ ಲಾಭವೇ. 45 ಲಕ್ಷ ವಹಿವಾಟು ಪೂರ್ತಿ ಯುಪಿಐ ಆದರೆ ಕನಿಷ್ಠ ಲಾಭ 2.7 ಲಕ್ಷ, ಪೂರ್ತಿ ನಗದಾದರೆ 3.6 ಲಕ್ಷ. ಜಿಎಸ್‌ಟಿ ಮಿತಿ ದಾಟುತ್ತಿದ್ದರೆ ಅದರ ನೋಂದಣಿ ಮಾಡಿಸಿ. ಸ್ಕ್ಯಾನರ್ ತೆಗೆದರೆ ವಹಿವಾಟು ಕಡಿಮೆ ಆಗಿಬಿಡುವುದಿಲ್ಲ ಅಲ್ವಾ?

ಎಪಿಎಂಸಿ ದಲ್ಲಾಳಿಗಳಿಗೆ ಈ ಸೌಲಭ್ಯ ಇಲ್ಲ. ಕಮಿಷನ್, ಏಜೆನ್ಸಿ ಆದಾಯಕ್ಕೆ ಅಂದಾಜು ಲೆಕ್ಕ ನಡೆಯುವುದಿಲ್ಲ, ಪುಸ್ತಕ ಇಡಲೇಬೇಕು. ಹೆದ್ದಾರಿಯ ಲಾರಿ ಮಾಲೀಕರಿಗೆ ಬೇರೆ ಲೆಕ್ಕ. ಹತ್ತಕ್ಕಿಂತ ಜಾಸ್ತಿ ಗಾಡಿ ಇರಬಾರದು. ಒಟ್ಟು ತೂಕ 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್‌ಗೆ 1,000, ಚಿಕ್ಕ ಗಾಡಿಗೆ ತಿಂಗಳಿಗೆ 7,500 ಲಾಭ ಅಂತ ತೋರಿಸಬೇಕು. 28 ಟನ್ ಲಾರಿಗೆ ವರ್ಷಕ್ಕೆ 3,36,000 ಆಯಿತು. ಗಾಡಿ ಶೆಡ್‌ನಲ್ಲಿ ನಿಂತ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಸಾಲದ ಬಡ್ಡಿ ಬೇರೆ ಕಳೆಯುವಂತಿಲ್ಲ. ಕಂತು ಭಾರ ಇದ್ದು ಲಾಭವೇ ಇಲ್ಲ ಅನ್ನುವವರು ಪುಸ್ತಕ ಇಟ್ಟು ಆಡಿಟ್ ಮಾಡಿಸುವುದೇ ಸರಿಯೋ ಅಂತ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 7: ರಿಟರ್ನ್ ತುಂಬುವುದು

ತೆರಿಗೆ ಸೊನ್ನೆ ಆದರೂ ರಿಟರ್ನ್ ತುಂಬಬೇಕು. ಆದಾಯ 4 ಲಕ್ಷ ದಾಟಿದ್ದರೆ ಕಡ್ಡಾಯ. 12 ಲಕ್ಷ ಅನ್ನುವುದು ತೆರಿಗೆಯ ಮಿತಿ, ರಿಟರ್ನ್‌ನದ್ದಲ್ಲ.

ಮೊದಲು ಇಲಾಖೆಯ ಪೋರ್ಟಲ್‌ಗೆ ಹೋಗಿ ಎಐಎಸ್ ಮತ್ತು 26ಎಎಸ್ (ನಿಮ್ಮ ಬಗ್ಗೆ ಇಲಾಖೆಗೆ ಬಂದಿರುವ ಮಾಹಿತಿಯ ಪಟ್ಟಿಗಳು) ಡೌನ್‌ಲೋಡ್ ಮಾಡಿ. ನಿಮ್ಮ ಬಡ್ಡಿ, ಟಿಡಿಎಸ್, ಶೇರು, ಆಸ್ತಿ ನೋಂದಣಿ, ವರ್ಷದಲ್ಲಿ 10 ಲಕ್ಷ ಮೀರಿದ ನಗದು ಠೇವಣಿ ಅಲ್ಲಿ ಕಾಣುತ್ತದೆ. ಹೆಜ್ಜೆ 1ರ ಹಾಳೆಯ ಜೊತೆ ತಾಳೆ ಹಾಕಿ. ಎಐಎಸ್‌ನಲ್ಲಿ ತಪ್ಪಿದ್ದರೆ ಅಲ್ಲೇ ಫೀಡ್‌ಬ್ಯಾಕ್ ಕೊಡಬಹುದು. ಸಂಬಳದಾರರು ಆಫೀಸಿನಿಂದ ಫಾರ್ಮ್ 16 (ಸಂಬಳ ಮತ್ತು ಹಿಡಿದ ಟಿಡಿಎಸ್‌ನ ಪತ್ರ) ಇಸ್ಕೊಳ್ಳಿ.

ಕೃಷಿ ಆದಾಯ 5,000 ದಾಟಿದ ಸಂಬಳದಾರರು ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರ್ಮ್ ಬಳಸುವಂತಿಲ್ಲ, ಐಟಿಆರ್-2 ಬೇಕು. ಸುಲಭ ಅಂತ ಐಟಿಆರ್-1 ತುಂಬಿ ಕೃಷಿ ಆದಾಯ ಬಿಟ್ಟುಬಿಡುವುದು ಇಲ್ಲಿ ಬಹಳ ನಡೆಯುತ್ತದೆ.

ಸಂಬಳದಾರರಿಗೆ ಕೊನೆಯ ದಿನ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಸಲ್ಲಿಸಬಹುದು. ತಡದ ಶುಲ್ಕ 5,000, ಆದಾಯ 5 ಲಕ್ಷದೊಳಗಿದ್ದರೆ 1,000. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಅದನ್ನು ಬಿಟ್ಟರೆ ಸಲ್ಲಿಸಿದ್ದೇ ಲೆಕ್ಕಕ್ಕಿಲ್ಲ.

ಹೆಜ್ಜೆ 8: ತುಂಬಿಕೊಡುವವರ ಮೇಲೆ ಒಂದು ಕಣ್ಣು

"ಹಿಡಿದ ಟಿಡಿಎಸ್ ಪೂರ್ತಿ ವಾಪಸ್ ಕೊಡಿಸ್ತೀನಿ, ಅದರಲ್ಲಿ ಇಷ್ಟು ಪರ್ಸೆಂಟ್ ನನಗೆ" ಅನ್ನುವವರ ಹತ್ತಿರ ಹೋಗಲೇಬೇಡಿ. ಅವರು ಮಾಡುವುದು ಸುಳ್ಳು ದೇಣಿಗೆ, ಇಲ್ಲದ ಬಾಡಿಗೆ, ಮಾಡಿಸದ ವಿಮೆ ತೋರಿಸುವುದು. 2025ರ ಜುಲೈನಲ್ಲಿ ಇಲಾಖೆ ಇಂಥವರ ಮೇಲೆಯೇ ದೇಶದ ಹಲವು ಕಡೆ ಪರಿಶೀಲನೆ ನಡೆಸಿತು. ರಿಟರ್ನ್ ನಿಮ್ಮ ಹೆಸರಿನಲ್ಲಿರುತ್ತದೆ. ನೋಟಿಸ್ ಬರುವಾಗ ತುಂಬಿಕೊಟ್ಟವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಈಗಾಗಲೇ ಅಂಥ ರಿಟರ್ನ್ ಸಲ್ಲಿಸಿದ್ದರೆ, ಹೆಚ್ಚುವರಿ ತೆರಿಗೆ ಕಟ್ಟಿ ಅಪ್ಡೇಟೆಡ್ ರಿಟರ್ನ್ ಸಲ್ಲಿಸುವ ದಾರಿ ನಾಲ್ಕು ವರ್ಷದವರೆಗೆ ತೆರೆದಿದೆ. ತಡ ಮಾಡಿದಷ್ಟೂ ಹೆಚ್ಚುವರಿ ಜಾಸ್ತಿ.

ಸಲ್ಲಿಸಿದ ಸ್ವಲ್ಪ ದಿನಕ್ಕೆ 143(1) ಅಂತ ಒಂದು ಮೇಲ್ ಬರುತ್ತದೆ. ಅದನ್ನು ನೋಡಿ ಸುಮ್ನೆ ಹೆದರುವವರಿದ್ದಾರೆ. ನಿಮ್ಮ ಲೆಕ್ಕ ಒಂದು ಕಡೆ, ಇಲಾಖೆಯ ಲೆಕ್ಕ ಇನ್ನೊಂದು ಕಡೆ ಇಟ್ಟು ತೋರಿಸುವ ಪತ್ರ ಅದು. ಕೊನೆಯ ಸಾಲಿನಲ್ಲಿ ಸೊನ್ನೆ ಅಥವಾ ರೀಫಂಡ್ ಇದ್ದರೆ ಉಳಿಸಿಡಿ, ಬಾಕಿ ತೋರಿಸಿದ್ದರೆ ಎರಡು ಕಾಲಂ ಎಲ್ಲಿ ಬೇರೆಯಾಗಿವೆ ನೋಡಿ. ರಿಟರ್ನ್‌ನಲ್ಲಿ ದೋಷ ಇದೆ ಅನ್ನುವ ನೋಟಿಸ್ ಬೇರೆ. ಅದಕ್ಕೆ 15 ದಿನದಲ್ಲಿ ಉತ್ತರ ಕೊಡಬೇಕು.

ಈ ಮೇಲ್ ಯಾರಿಗೆ ಹೋಗುತ್ತಿದೆ ಅನ್ನುವುದನ್ನು ಇವತ್ತೇ ನೋಡಿ. ಪೋರ್ಟಲ್‌ನಲ್ಲಿ ಎಷ್ಟೋ ಹಿರಿಯರ ಪ್ರೊಫೈಲ್‌ನಲ್ಲಿ ತುಂಬಿಕೊಟ್ಟವರ ಮೊಬೈಲ್ ನಂಬರ್, ಅವರದೇ ಇಮೇಲ್ ಇರುತ್ತದೆ. ಪಾಸ್‌ವರ್ಡ್ ಅವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಆಧಾರ್ ಒಟಿಪಿ ಬಳಸಿ ಪಾಸ್‌ವರ್ಡ್ ಬದಲಿಸಿ, ಪ್ರೊಫೈಲ್‌ನಲ್ಲಿ ಮನೆಯವರ ನಂಬರ್ ಹಾಕಿ, ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆ ಅಪ್ಪನದ್ದೇ ಹೌದಾ ಅಂತ ಒಮ್ಮೆ ಪರೀಕ್ಷಿಸಿ.